ಪೇಟೆ ಬೀದಿ ಸರಿಮಾಡಬೇಕೇ? ಅಂಗಡಿ ಮೆಟ್ಟಿಲಿನಿಂದ ಅಳೆಯೋಕೆ ಶುರುಮಾಡಿ

ದಾವಣಗೆರೆಯ ಹಳೇ ಪೇಟೆಗೆ ಸಂಜೆ ಆರೂವರೆಗೆ ಸ್ಕೂಟರ್ ತಗೊಂಡು ಹೋದವರಿಗೆ ಪೀಠಿಕೆ ಬೇಕಿಲ್ಲ. ಚೌಕಿಪೇಟೆಯಾಗಲಿ, ಮಂಡಿಪೇಟೆಯಾಗಲಿ, ನೋಟ ಒಂದೇ. ಲಗೇಜ್ ಆಟೋ ಒಂದು ನಡುರಸ್ತೆಯಲ್ಲೇ ನಿಂತು ಮೂಟೆ ಇಳಿಸುತ್ತಿರುತ್ತದೆ. ಅದರ ಹಿಂದೆ ಒಂದು ಕಾರು. ಕಾರಿನ ಪಕ್ಕದ ಸಂದಿಯಲ್ಲಿ ನಾಲ್ಕು ಬೈಕು. ಎದುರಿನಿಂದ ಬಾಳೆಹಣ್ಣಿನ ತಳ್ಳುಗಾಡಿ. ಇವೆಲ್ಲದರ ನಡುವೆ ಒಬ್ಬ ಅಜ್ಜಿ ಚೀಲ ಎದೆಗೆ ಅವಚಿಕೊಂಡು, ಆಕಡೆ ಹೋಗಲೋ ಈಕಡೆ ಹೋಗಲೋ ಅಂತ ನಿಂತಿರುತ್ತಾರೆ. ಕೇಳಿದರೆ ಎಲ್ಲರದೂ ಒಂದೇ ಮಾತು: "ರಸ್ತೆ ಅಗಲ ಮಾಡ್ಬೇಕು ಸಾರ್."

ರಸ್ತೆ ಕೆಲಸಗಳಿಗೆ ನಕ್ಷೆ ಬರೆದೇ ಹೊಟ್ಟೆ ಹೊರೆದವನು ನಾನು. ಇಷ್ಟು ವರ್ಷದಲ್ಲಿ ಕಂಡದ್ದು ಬೇರೆ. ನಮ್ಮ ಪೇಟೆ ಬೀದಿಗಳಿಗೆ ಇರುವುದು ಅಗಲ ಸಾಲದ ಕಾಯಿಲೆಯಲ್ಲ, ಅಗಲ ಒಂದೇ ಸಮ ಇಲ್ಲದ ಕಾಯಿಲೆ. ಒಂದು ಕಡೆ ಹತ್ತು ಮೀಟರ್ ಖಾಲಿ ಇರುತ್ತದೆ. ಇಪ್ಪತ್ತು ಹೆಜ್ಜೆ ಮುಂದೆ ಟ್ರಾನ್ಸ್‌ಫಾರ್ಮರ್, ನಿಂತ ಕಾರು, ಮುಂದೆ ಚಾಚಿದ ಮೆಟ್ಟಿಲು ಸೇರಿ ಐದೇ ಮೀಟರ್ ಉಳಿಯುತ್ತದೆ. ಕೊಡದ ಹೊಟ್ಟೆ ಎಷ್ಟೇ ದೊಡ್ಡದಿರಲಿ, ನೀರು ಸುರಿಯುವುದು ಕಂಠದಷ್ಟೇ ಅಲ್ವಾ? ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟಿನಲ್ಲಿ ಕಾದವರಿಗೆ ಇದು ಚೆನ್ನಾಗಿ ಗೊತ್ತು. ಗೇಟ್ ಹಾಕಿದಾಗ ಎರಡೂ ಕಡೆಯವರು ರಸ್ತೆಯ ಪೂರ್ತಿ ಅಗಲಕ್ಕೆ ತುಂಬಿಕೊಳ್ಳುತ್ತಿದ್ದರು. ಗೇಟ್ ತೆಗೆದ ಮೇಲೆ ಒಬ್ಬರಿಗೊಬ್ಬರು ಎದುರಾಗಿ ಯಾರೂ ಮುಂದೆ ಹೋಗುತ್ತಿರಲಿಲ್ಲ. ಜಾಗ ಇತ್ತು, ಅದಕ್ಕೆ ಶಿಸ್ತು ಇರಲಿಲ್ಲ.

ಹಾಗಾಗಿ ಈ ಲೇಖನದಲ್ಲಿ ಬೀದಿಯನ್ನು ನಡುವಿನಿಂದ ಅಲ್ಲ, ಅಂಚಿನಿಂದ ಒಳಕ್ಕೆ ಬರೆಯೋಣ. ಬಡಾವಣೆಯ ಸಂಘದವರು, ಅಂಗಡಿಯವರು, ವಾರ್ಡಿನ ಕೆಲಸದಲ್ಲಿ ಆಸಕ್ತಿ ಇರುವವರು ಯಾರು ಬೇಕಾದರೂ ಮಾಡಬಹುದು. ಕೊನೆಯ ನಕ್ಷೆಗೆ ಇಂಜಿನಿಯರ್ ಸಹಿ ಬೇಕೇ ಬೇಕು. ಆದರೆ ಅವರ ಟೇಬಲ್ ಮೇಲೆ ಏನು ಇಡಬೇಕು ಅನ್ನುವುದು ನಿಮ್ಮ ಕೈಯಲ್ಲಿದೆ.

ಮೊದಲು: ರಸ್ತೆ ಯಾರದು?

ಒಂದೇ ಊರಿನ ರಸ್ತೆಗಳಿಗೆ ಒಡೆಯರು ಹಲವರು. ಕೆಲವು ಮಹಾನಗರ ಪಾಲಿಕೆಯದು, ಕೆಲವು ಲೋಕೋಪಯೋಗಿ ಇಲಾಖೆಯದು. ಹೊಸ ಬಡಾವಣೆಯಾದರೆ ನಗರಾಭಿವೃದ್ಧಿ ಪ್ರಾಧಿಕಾರದ ಕೈಯಲ್ಲೇ ಇನ್ನೂ ಇರಬಹುದು. ದಾವಣಗೆರೆ 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳ ಪಟ್ಟಿಯಲ್ಲೇ ಸೇರಿತ್ತು. ಆ ಯೋಜನೆಯಲ್ಲಿ ಆದ ರಸ್ತೆಯಾದರೆ ಅದರ ನಕ್ಷೆಯೂ ಎಲ್ಲೋ ಒಂದು ಕಪಾಟಿನಲ್ಲಿ ಇರುತ್ತದೆ. ಕೇಳಿದರೆ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ. ಉತ್ತರ ಕೊಡಲು 30 ದಿನದ ಗಡುವಿದೆ. ರಸ್ತೆಯ ದಾಖಲೆ ಅಗಲ ಎಷ್ಟು, ಕೆಳಗೆ ಯಾವ ಯಾವ ಪೈಪು ಇದೆ, ಈ ಎರಡನ್ನೇ ಕೇಳಿ. ಜಾಸ್ತಿ ಕೇಳಿದರೆ ಯಾವುದೂ ಬರುವುದಿಲ್ಲ.

ಟೇಪು ಹಿಡಿಯುವ ದಿನ

ಭಾನುವಾರ ಬೆಳಗ್ಗೆ ಆರು ಗಂಟೆ. ಇಬ್ಬರು ಟೇಪು ಹಿಡಿಯಲು, ಒಬ್ಬರು ಬರೆದುಕೊಳ್ಳಲು. 30 ಮೀಟರಿನ ಟೇಪು, ಒಂದು ಗ್ರಾಫ್ ಹಾಳೆ, ಸೀಮೆಸುಣ್ಣ. ಹಾಳೆಯಲ್ಲಿ 1 ಸೆಂಟಿಮೀಟರ್ ಅಂದರೆ ಬೀದಿಯ 1 ಮೀಟರ್.

ಪ್ರತಿ 10 ಮೀಟರಿಗೆ ಒಂದು ಗುರುತು ಹಾಕಿ. ಅಲ್ಲಿ ಈ ಕಡೆ ಗೋಡೆಯಿಂದ ಆ ಕಡೆ ಗೋಡೆಗೆ ಅಳೆಯಿರಿ. ಡಾಂಬರಿನ ಅಗಲ ಅಲ್ಲ, ಗೋಡೆಯಿಂದ ಗೋಡೆಗೆ. ಆಮೇಲೆ ನಡುವೆ ಸಿಕ್ಕಿದ್ದನ್ನೆಲ್ಲ ಬರೆಯಿರಿ: ಅಂಗಡಿ ಮೆಟ್ಟಿಲು, ಚರಂಡಿ ಮೇಲಿನ ಚಪ್ಪಡಿ, ತಗಡಿನ ಚಾಚು, ವಿದ್ಯುತ್ ಕಂಬ, ಟ್ರಾನ್ಸ್‌ಫಾರ್ಮರ್, ಮ್ಯಾನ್‌ಹೋಲ್, ಮರ, ನಾಮಫಲಕ, ಕಟ್ಟೆ, ಸಣ್ಣ ಗುಡಿ. ಇದರಲ್ಲಿ ಸೋಮಾರಿತನ ಬೇಡ. ಒಮ್ಮೆ ನಾನೇ ಒಂದು ನಕ್ಷೆಯಲ್ಲಿ ಟ್ರಾನ್ಸ್‌ಫಾರ್ಮರ್ ಗುರುತು ಹಾಕಲು ಮರೆತಿದ್ದೆ. ಕಾಂಟ್ರಾಕ್ಟರ್ ಅದರ ನಾಲ್ಕೂ ಸುತ್ತ ಚೊಕ್ಕಟವಾಗಿ ಟೈಲ್ಸ್ ಹಾಕಿ ಮುಗಿಸಿದ್ದರು. ಫುಟ್‌ಪಾತ್ ಅಲ್ಲಿಗೆ ಬಂದು ಬೇಲಿಗೆ ಡಿಕ್ಕಿ ಹೊಡೆಯುತ್ತಿತ್ತು. ಬೈಯಲು ಬೇರೆ ಯಾರೂ ಇರಲಿಲ್ಲ.

ಎತ್ತರವನ್ನೂ ನೋಡಿ. ಗಾರೆಯವರು ಮಟ್ಟ ನೋಡಲು ನೀರು ತುಂಬಿದ ಪ್ಲಾಸ್ಟಿಕ್ ಪೈಪು ಬಳಸುತ್ತಾರಲ್ಲ, ಅದೇ ಸಾಕು. ಪ್ರತಿ ಅಂಗಡಿಯ ಹೊಸ್ತಿಲು ರಸ್ತೆಗಿಂತ ಎಷ್ಟು ಮೇಲಿದೆ, ಎಷ್ಟು ಕೆಳಗಿದೆ ಬರೆದುಕೊಳ್ಳಿ. ಹಳೇ ಡಾಂಬರು ಕೆರೆಯದೆ ಪದರದ ಮೇಲೆ ಪದರ ಹಾಕಿ ಹಾಕಿ, ಎಷ್ಟೋ ಕಡೆ ರಸ್ತೆಯೇ ಹೊಸ್ತಿಲಿಗಿಂತ ಮೇಲೆ ಬಂದಿರುತ್ತದೆ. ಮಳೆ ಬಂದರೆ ನೀರು ಗೋದಾಮಿಗೆ ನುಗ್ಗುತ್ತದೆ. ಅದಕ್ಕೇ ಅಂಗಡಿಯವರು ಮೆಟ್ಟಿಲು ಎತ್ತರಿಸಿ ಮುಂದೆ ಚಾಚುತ್ತಾರೆ. ಅದನ್ನು ಬರೀ ಒತ್ತುವರಿ ಅಂದುಬಿಟ್ಟರೆ ಅರ್ಧ ಸತ್ಯ. ರಸ್ತೆಯ ಮಟ್ಟ ಇಳಿಸಿಕೊಡಿ, ಮೆಟ್ಟಿಲು ತಾನಾಗಿ ಹಿಂದಕ್ಕೆ ಹೋಗುವ ಮಾತುಕತೆಗೆ ದಾರಿಯಾಗುತ್ತದೆ.

ಎಣಿಸುವುದು

ಎರಡು ದಿನ ಎಣಿಸಿದರೆ ಸಾಕು: ಒಂದು ಮಾಮೂಲಿ ದಿನ, ಒಂದು ಸಂತೆ ದಿನ. ಬೆಳಗ್ಗೆ 9ರಿಂದ 11, ಸಂಜೆ 5ರಿಂದ 8. ಹದಿನೈದು ನಿಮಿಷಕ್ಕೊಂದು ಸಾಲು. ಬೈಕು, ಆಟೋ, ಕಾರು, ಬಸ್ಸು-ಲಾರಿ, ಸೈಕಲ್-ತಳ್ಳುಗಾಡಿ, ನಡೆಯುವವರು, ರಸ್ತೆ ದಾಟುವವರು. ಡಿಗ್ರಿ ಕಾಲೇಜಿನ ಹುಡುಗರಿಗೆ ಹೇಳಿದರೆ ಒಂದು ಪ್ಲೇಟ್ ಮಂಡಕ್ಕಿ-ಮೆಣಸಿನಕಾಯಿಗೆ ಮಾಡಿಕೊಡುತ್ತಾರೆ. ಜನರನ್ನು ಎಣಿಸಲು ಮರೆಯಬೇಡಿ. ವಾಹನ ಮಾತ್ರ ಎಣಿಸಿದ ಬೀದಿಯಲ್ಲಿ ವಾಹನಕ್ಕೆ ಮಾತ್ರ ಜಾಗ ಸಿಗುತ್ತದೆ.

ಪಾರ್ಕಿಂಗ್ ಎಣಿಕೆ ಬೇರೆ, ಮತ್ತು ಇದೇ ಹೆಚ್ಚು ಮಜಾ. ಅರ್ಧ ಗಂಟೆಗೊಮ್ಮೆ ಬೀದಿ ಉದ್ದಕ್ಕೂ ನಡೆದು, ನಿಂತ ಗಾಡಿಗಳ ನಂಬರಿನ ಕೊನೆಯ ನಾಲ್ಕು ಅಂಕಿ ಬರೆದುಕೊಳ್ಳಿ. ಸಂಜೆ ಹೊತ್ತಿಗೆ ಹಾಳೆಯೇ ಮಾತಾಡುತ್ತದೆ. ಬೆಳಗ್ಗೆ ಹತ್ತಕ್ಕೆ ಬಂದ ಗಾಡಿ ರಾತ್ರಿ ಎಂಟಕ್ಕೂ ಅಲ್ಲೇ ಇರುತ್ತದೆ. ಅದು ಗಿರಾಕಿಯದಲ್ಲ. ಅಂಗಡಿ ಮಾಲೀಕರದೋ, ಅಂಗಡಿಯ ಹುಡುಗರದೋ. ಲೆಕ್ಕ ಹಾಕಿ ನೋಡಿ: ಒಬ್ಬ ಗಿರಾಕಿ 20 ನಿಮಿಷ ನಿಲ್ಲಿಸಿದರೆ ಅದೇ ಜಾಗದಲ್ಲಿ 10 ಗಂಟೆಯಲ್ಲಿ 30 ಗಿರಾಕಿಗಳು ಬಂದುಹೋಗಬಹುದು. ಈ ಒಂದು ಲೆಕ್ಕ ನಾನು ಅಂಗಡಿಯವರ ಮುಂದೆ ಇಟ್ಟಾಗೆಲ್ಲ ಸಭೆಯಲ್ಲಿ ಸ್ವಲ್ಪ ಹೊತ್ತು ಮೌನ ಇರುತ್ತದೆ.

ಅಂಚಿನಿಂದ ಒಳಕ್ಕೆ

ಈಗ ನಕ್ಷೆ. ಗೋಡೆಯಿಂದ ಗೋಡೆಗೆ 15 ಮೀಟರ್ ಇರುವ ಬೀದಿ ಅಂತಿಟ್ಟುಕೊಳ್ಳಿ. ನಮ್ಮೂರ ಅಡಿ ಲೆಕ್ಕದಲ್ಲಿ ಸುಮಾರು 49. ಸಾಮಾನ್ಯವಾಗಿ ಏನು ಮಾಡುತ್ತಾರೆ? ನಡುವೆ ಗೆರೆ ಎಳೆದು, ಎಷ್ಟಾಗುತ್ತೋ ಅಷ್ಟು ಡಾಂಬರು ಹಾಕಿ, ಉಳಿದದ್ದಕ್ಕೆ ಚರಂಡಿ ಮುಚ್ಚಿ "ಫುಟ್‌ಪಾತ್" ಅನ್ನುತ್ತಾರೆ. ನೀವು ಉಲ್ಟಾ ಹೋಗಿ.

ಮೊದಲು ಗೋಡೆಗೆ ಅಂಟಿದ ಅರ್ಧ ಮೀಟರ್. ಇದು ಅಂಗಡಿ ನೋಡುತ್ತಾ ನಿಲ್ಲುವವರಿಗೆ, ಚಪ್ಪಲಿ ಬಿಡುವವರಿಗೆ, ಬಾಗಿಲಿಗೆ ನೇತುಹಾಕಿದ ಬಕೆಟ್ಟು-ಕೊಡಗಳಿಗೆ. ಇದನ್ನು ಬಿಟ್ಟುಕೊಡದಿದ್ದರೆ ಅವರು ನಡೆಯುವ ಜಾಗದಿಂದಲೇ ತೆಗೆದುಕೊಳ್ಳುತ್ತಾರೆ.

ಆಮೇಲೆ 2 ಮೀಟರ್ ನಡೆಯಲು. ದೇಶದ ರಸ್ತೆಗಳಿಗೆ ಮಾನದಂಡ ಬರೆಯುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್; ಅದರ ಪಾದಚಾರಿ ಮಾರ್ಗಸೂಚಿ ಕನಿಷ್ಠ 1.8 ಮೀಟರ್ ಅಗಲ, 2.2 ಮೀಟರ್ ಎತ್ತರ ಏನೂ ಅಡ್ಡ ಇಲ್ಲದೆ ಬಿಡಬೇಕು ಅನ್ನುತ್ತದೆ. ಅಂಗಡಿ ಸಾಲಿದ್ದರೆ 2.5 ಬಿಟ್ಟರೆ ಇನ್ನೂ ಒಳ್ಳೆಯದು. ಎರಡು ಚೀಲ ಹಿಡಿದವರು ಎದುರುಬದುರಾಗಿ ಭುಜ ತಾಗದೆ ಹೋಗುವಷ್ಟು, ಅಷ್ಟೇ. ಈ ಪಟ್ಟಿಯಲ್ಲಿ ಕಂಬ ಇಲ್ಲ, ಮರ ಇಲ್ಲ, ಫ್ಲೆಕ್ಸ್ ಇಲ್ಲ.

ಮೂರನೆಯದು 2 ಮೀಟರಿನ ಪಟ್ಟಿ. ನಮ್ಮ ಬೀದಿಗಳ ಗುಟ್ಟು ಇದರಲ್ಲಿದೆ. ಒಂದು ಬದಿಯಲ್ಲಿ ಇದು ಬೈಕ್ ನಿಲ್ಲಿಸಲು ಮತ್ತು ಮೂಟೆ ಇಳಿಸಲು. ಬೈಕು ಅಡ್ಡಡ್ಡ ನಿಂತರೆ 2 ಮೀಟರ್ ಆಳ ಸಾಕು. ಒಂದು ಕಾರು ನಿಲ್ಲುವ 5 ಮೀಟರಿನಲ್ಲಿ ಐದಾರು ಬೈಕು ಹಿಡಿಯುತ್ತವೆ. ಬೆಣ್ಣೆ ದೋಸೆ ಹೋಟೆಲ್ ಮುಂದೆ ಹೆಚ್ಚು ಬೇಕಾಗುವುದು ಬೈಕಿನ ಜಾಗ, ಕಾರಿನದ್ದಲ್ಲ. ಇನ್ನೊಂದು ಬದಿಯ ಪಟ್ಟಿಯಲ್ಲಿ ಮರ, ಕಂಬ, ಟ್ರಾನ್ಸ್‌ಫಾರ್ಮರ್, ತಳ್ಳುಗಾಡಿ, ಆಟೋ ನಿಲ್ದಾಣ, ಕೂರಲು ಒಂದು ಕಲ್ಲು ಬೆಂಚು.

ಎರಡೂ ಬದಿಯಲ್ಲಿ ತಲಾ ನಾಲ್ಕೂವರೆ ಮೀಟರ್ ಹೀಗೆ ಹೋದ ಮೇಲೆ ನಡುವೆ ಉಳಿಯುವುದು 6 ಮೀಟರ್. ಹೋಗಲು ಒಂದು ಪಥ, ಬರಲು ಒಂದು ಪಥ, ತಲಾ 3 ಮೀಟರ್. "ಇಷ್ಟೇನಾ?" ಅನ್ನುತ್ತಾರೆ. ಹೌದು, ಇಷ್ಟೇ. ಆದರೆ ಈ ಆರು ಮೀಟರ್ ಬೀದಿಯ ಈ ತುದಿಯಿಂದ ಆ ತುದಿವರೆಗೆ ಆರೇ ಇರುತ್ತದೆ, ಮತ್ತು ಅದರಲ್ಲಿ ಏನೂ ನಿಂತಿರುವುದಿಲ್ಲ. ಈಗ ಹತ್ತು ಮೀಟರ್ ಡಾಂಬರು ಇದ್ದೂ ಓಡಾಡಲು ಸಿಗುವುದು ಐದು ತಾನೇ? ಸಿಟಿ ಬಸ್ ಓಡುವ ಬೀದಿಯಾದರೆ ಪಥ 3.3 ಮೀಟರ್ ಇರಲಿ. ಆ ಹೆಚ್ಚಿನ 60 ಸೆಂಟಿಮೀಟರನ್ನು ಮರದ ಪಟ್ಟಿಯಿಂದ ಕಡಿಯಿರಿ, ನಡೆಯುವ ಜಾಗದಿಂದ ಅಲ್ಲ. ನಡುವೆ ಡಿವೈಡರ್ ಹಾಕುವ ಆಸೆ ಬೇಡ. ಇಷ್ಟು ಅಗಲದಲ್ಲಿ ಡಿವೈಡರ್ ಇದ್ದರೆ, ಕೆಟ್ಟು ನಿಂತ ಒಂದು ಆಟೋ ಸಾಕು, ಹಿಂದಿನವರೆಲ್ಲ ನಿಲ್ಲಬೇಕು. ಜನ ಅದನ್ನು ಹಾರಿಯೇ ದಾಟುತ್ತಾರೆ.

ಬೀದಿ ಇನ್ನೂ ಕಿರಿದಾಗಿದ್ದರೆ? 9-10 ಮೀಟರ್ ಇದ್ದರೆ ಏಕಮುಖ ಮಾಡುವುದನ್ನು ಯೋಚಿಸಬಹುದು. ಪಕ್ಕದಲ್ಲೇ ವಾಪಸ್ ಬರಲು ಜೋಡಿ ಬೀದಿ ಇದ್ದರೆ ಮಾತ್ರ. ಇಲ್ಲದಿದ್ದರೆ ನೂರು ಮೀಟರಿಗೆ ಒಂದು ಕಿಲೋಮೀಟರ್ ಸುತ್ತಬೇಕಾಗುತ್ತದೆ, ಆಗ ಎಲ್ಲರೂ ಎದುರು ದಿಕ್ಕಿನಲ್ಲೇ ಬರುತ್ತಾರೆ. ಏಕಮುಖ ಮಾಡಿದರೆ ವೇಗ ಜಾಸ್ತಿಯಾಗುತ್ತದೆ ಅನ್ನುವುದೂ ನೆನಪಿರಲಿ. 6 ಮೀಟರಿಗಿಂತ ಕಿರಿದಾದ ಸಂದಿಗೆ ಫುಟ್‌ಪಾತೇ ಬೇಡ. ನೆಲವನ್ನೆಲ್ಲ ಒಂದೇ ಮಟ್ಟಕ್ಕೆ ಕಲ್ಲು ಹಾಸಿ, ಎಲ್ಲರೂ ನಿಧಾನವಾಗಿ ಹೋಗುವ ಹಾಗೆ ಮಾಡಿ.

ಮರ ಎಲ್ಲಿ ಹಾಕಬೇಕು ಅನ್ನುವುದನ್ನು ಚಂದಕ್ಕೆ ನಿರ್ಧರಿಸಬೇಡಿ, ಬಿಸಿಲಿಗೆ ನಿರ್ಧರಿಸಿ. ಉತ್ತರ-ದಕ್ಷಿಣ ಬೀದಿಯಲ್ಲಿ ಮಧ್ಯಾಹ್ನದ ಮೇಲಿನ ಬಿಸಿಲು ಪೂರ್ವದ ಬದಿಗೆ ಹೊಡೆಯುತ್ತದೆ. ಪೂರ್ವ-ಪಶ್ಚಿಮ ಬೀದಿಯಲ್ಲಿ ವರ್ಷದ ಹೆಚ್ಚಿನ ದಿನ ಉತ್ತರದ ಬದಿಗೆ ಬಿಸಿಲು. ಮೊದಲ ಮರ ಅಲ್ಲಿಗೆ. ಹೊಂಗೆ, ಬೇವು ನಮ್ಮ ಬಿಸಿಲಿಗೆ ಬಾಳುತ್ತವೆ. ದಾವಣಗೆರೆಯ ಏಪ್ರಿಲ್ಲಿನಲ್ಲಿ ನೆರಳಿಲ್ಲದ ಫುಟ್‌ಪಾತ್ ಎಷ್ಟು ಅಗಲ ಇದ್ದರೇನು, ಯಾರೂ ಹತ್ತುವುದಿಲ್ಲ.

ಎತ್ತರ, ಇಳಿಜಾರು, ಗೂಟ

ಫುಟ್‌ಪಾತ್ ರಸ್ತೆಗಿಂತ 15 ಸೆಂಟಿಮೀಟರ್ ಮೇಲಿದ್ದರೆ ಸಾಕು, ಅದಕ್ಕಿಂತ ಮೇಲೆ ಬೇಡ. ಚರಂಡಿಯ ಮೇಲೆ ಚಪ್ಪಡಿ ಹಾಕಿ ಮೊಣಕಾಲೆತ್ತರಕ್ಕೆ ಕಟ್ಟಿದ್ದನ್ನು ನಮ್ಮಲ್ಲಿ ಎಷ್ಟು ಕಡೆ ನೋಡಿಲ್ಲ? ಅದು ಕಟ್ಟೆ. ಕೂರಲು ಚೆನ್ನಾಗಿದೆ. ಫುಟ್‌ಪಾತ್ ಮುಗಿಯುವ ಕಡೆ ಗಾಲಿಕುರ್ಚಿಗೆ, ಮಗುವಿನ ಗಾಡಿಗೆ ಇಳಿಜಾರು ಬೇಕು: 1 ಪಾಲು ಎತ್ತರಕ್ಕೆ 12 ಪಾಲು ಉದ್ದ. ಅಂದರೆ 15 ಸೆಂಟಿಮೀಟರ್ ಇಳಿಯಲು 1.8 ಮೀಟರ್. ಮನೆ ಗೇಟುಗಳ ಮುಂದೆ ಫುಟ್‌ಪಾತನ್ನು ತಗ್ಗಿಸಬೇಡಿ, ಕಾರೇ ಹತ್ತಿ ಇಳಿಯಲಿ. ಪ್ರತಿ ಗೇಟಿಗೂ ತಗ್ಗು-ದಿಣ್ಣೆ ಆದರೆ ಮಂಡಿ ನೋವಿರುವವರು ರಸ್ತೆಗೇ ಇಳಿಯುತ್ತಾರೆ.

ಕಣ್ಣು ಕಾಣದವರಿಗಾಗಿ ಹಾಕುವ ಹಳದಿ ಟೈಲ್ಸ್ ಬಗ್ಗೆ ಒಂದು ಮಾತು. ಉದ್ದ ಗೆರೆ ಇದ್ದದ್ದು "ಹೀಗೇ ಮುಂದೆ ಹೋಗಿ" ಅನ್ನುತ್ತದೆ, ಚುಕ್ಕಿ ಇದ್ದದ್ದು "ನಿಲ್ಲಿ, ಮುಂದೆ ಏನೋ ಇದೆ" ಅನ್ನುತ್ತದೆ. ಚಂದಕ್ಕೆ ಚುಕ್ಕಿ ಟೈಲ್ಸನ್ನೇ ಉದ್ದಕ್ಕೂ ಹಾಕಿದ್ದನ್ನು ಕಂಡಿದ್ದೇನೆ. ಹೆಜ್ಜೆಹೆಜ್ಜೆಗೂ ನಿಲ್ಲು ಅಂದ ಹಾಗೆ.

ಬೈಕು ಹತ್ತದಿರಲಿ ಅಂತ ಗೂಟ ನೆಡುತ್ತಾರೆ. ಕಷ್ಟ ಏನೆಂದರೆ, ಗಾಲಿಕುರ್ಚಿ ಹೋಗುವ ಸಂದಿಯಲ್ಲಿ ಸ್ಕೂಟರೂ ಹೋಗುತ್ತದೆ. ಸ್ಕೂಟರ್ ತಡೆದರೆ ಗಾಲಿಕುರ್ಚಿಯನ್ನೂ ತಡೆದ ಹಾಗೆ. ಹಾಗಾಗಿ ಗೂಟಕ್ಕಿಂತ ಬೈಕಿಗೆ ಸರಿಯಾದ ಜಾಗ ಕೊಡುವುದೇ ಹೆಚ್ಚು ಕೆಲಸ ಮಾಡುತ್ತದೆ. ದುಗ್ಗಮ್ಮನ ಜಾತ್ರೆ, ಗಣಪತಿ ಮೆರವಣಿಗೆ ಹೋಗುವ ದಾರಿಯಾದರೆ ಕಿತ್ತು ಮತ್ತೆ ಹಾಕಬಹುದಾದ ಗೂಟಗಳನ್ನೇ ಬಳಸಿ. ಅಡ್ಡಲಾಗಿ ಕಮಾನು ಕಟ್ಟಬೇಡಿ.

ದಾಟುವ ಜಾಗ

ಜೀಬ್ರಾ ಪಟ್ಟಿ ಎಲ್ಲಿ ಬೇಕು? ಇದಕ್ಕೊಂದು ಹಳೇ ಲೆಕ್ಕ ಇದೆ. ಹೆಚ್ಚು ಗದ್ದಲದ ಒಂದು ಗಂಟೆಯಲ್ಲಿ ದಾಟುವ ಜನರ ಸಂಖ್ಯೆಯನ್ನು ವಾಹನಗಳ ಸಂಖ್ಯೆಯಿಂದ ಎರಡು ಸಲ ಗುಣಿಸಿ. 10 ಕೋಟಿ ದಾಟಿದರೆ ಅಲ್ಲಿ ದಾಟುವ ವ್ಯವಸ್ಥೆ ಬೇಕು. ಡಿವೈಡರ್ ಇರುವ ರಸ್ತೆಗೆ 20 ಕೋಟಿ. ಉದಾಹರಣೆಗೆ 400 ಜನ, 600 ವಾಹನ: 400 × 600 × 600, ಅಂದರೆ 14 ಕೋಟಿ 40 ಲಕ್ಷ. ಬೇಕೇ ಬೇಕು. ನಿಮ್ಮ ಎಣಿಕೆ ಹಾಳೆ ಇದಕ್ಕೇ ಬರುತ್ತದೆ. ಶಾಲೆ, ಆಸ್ಪತ್ರೆ ಮುಂದೆ ಮಾತ್ರ ಈ ಲೆಕ್ಕಕ್ಕೆ ಕಾಯಬೇಡಿ.

ದಾಟುವ ಕಡೆ ಫುಟ್‌ಪಾತನ್ನು ಪಾರ್ಕಿಂಗ್ ಪಟ್ಟಿಯೊಳಗೆ ಮೂಗಿನ ಹಾಗೆ ಮುಂದೆ ತನ್ನಿ. ಮೇಲಿನ ನಕ್ಷೆಯಲ್ಲಿ ದಾಟಬೇಕಾದ್ದು 10 ಮೀಟರ್ ಇತ್ತು, ಈಗ 6 ಆಯಿತು. ವಯಸ್ಸಾದವರು ಸೆಕೆಂಡಿಗೆ ಸುಮಾರು 0.8 ಮೀಟರ್ ನಡೆಯುತ್ತಾರೆ ಅಂದುಕೊಂಡರೆ, ಹನ್ನೆರಡೂವರೆ ಸೆಕೆಂಡು ಏಳೂವರೆಗೆ ಇಳಿಯಿತು. ಆ ಮೂಗಿನ ಮೇಲೆ ನಿಂತ ಅಜ್ಜಿ ಡ್ರೈವರಿಗೆ ಕಾಣುತ್ತಾರೆ, ನಿಂತ ವ್ಯಾನಿನ ಹಿಂದೆ ಮರೆಯಾಗುವುದಿಲ್ಲ. ಇನ್ನೂ ಒಳ್ಳೆಯದು ಅಂದರೆ ಜೀಬ್ರಾ ಪಟ್ಟಿಯನ್ನೇ ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸುವುದು. ಹಂಪೂ ಆಯಿತು, ದಾರಿಯೂ ಆಯಿತು. ಎರಡು ಅಂಚಿನಲ್ಲಿ ನೀರು ಹರಿಯಲು ಜಾಗ ಬಿಡಿ, ಇಲ್ಲದಿದ್ದರೆ ಮೊದಲ ಮಳೆಗೇ ಕೆರೆ.

ಮೂಲೆಗಳನ್ನು ಜಾಸ್ತಿ ಗುಂಡಗೆ ಮಾಡಬೇಡಿ. ಗುಂಡಗಾದಷ್ಟೂ ಗಾಡಿ ಬ್ರೇಕ್ ಒತ್ತದೆ ತಿರುಗುತ್ತದೆ.

ಸುಣ್ಣದ ಪುಡಿ ಪರೀಕ್ಷೆ

ಟೆಂಡರಿಗೆ ಮೊದಲು ನಕ್ಷೆಯನ್ನು ಬೀದಿಯ ಮೇಲೇ ಬರೆದು ನೋಡಿ. ಸುಣ್ಣದ ಪುಡಿ, ಮರಳು ಚೀಲ, ಹಳೇ ಟೈರು, ಪೊಲೀಸರ ಕೋನುಗಳು ಸಾಕು. ಇದಕ್ಕೆ ಸಂಚಾರ ಠಾಣೆಯ ಒಪ್ಪಿಗೆ ಬೇಕು. ಏಕಮುಖ ಸಂಚಾರ ಅಥವಾ ಪಾರ್ಕಿಂಗ್ ನಿಷೇಧ ಕಾಯಂ ಆಗಬೇಕಾದರೆ ಪೊಲೀಸರ ಪ್ರಸ್ತಾವದ ಮೇಲೆ ಜಿಲ್ಲಾಧಿಕಾರಿಗಳ ಆದೇಶ ಆಗಬೇಕು. ಒಂದು ವಾರ ಇಟ್ಟು ಮತ್ತೆ ಎಣಿಸಿ. ಲಾರಿ ತಿರುಗದ ಮೂಲೆ, ಆಂಬುಲೆನ್ಸ್ ಸಿಕ್ಕಿಕೊಳ್ಳುವ ಜಾಗ ಎಲ್ಲ ಇಲ್ಲೇ ಗೊತ್ತಾಗುತ್ತದೆ. ಸುಣ್ಣ ಅಳಿಸಲು ಪೊರಕೆ ಸಾಕು, ಕಾಂಕ್ರೀಟ್ ಅಳಿಸಲು ಬ್ರೇಕರ್ ಬೇಕು.

ಇದೇ ವಾರ ಅಂಗಡಿಯವರ ಹತ್ತಿರ ಮಾತಾಡಿ. ಸಭೆ ಕರೆಯುವುದಕ್ಕಿಂತ ಒಬ್ಬೊಬ್ಬರ ಗಲ್ಲಾ ಮುಂದೆ ನಿಂತು ಮಾತಾಡುವುದು ವಾಸಿ. "ಸಾಹುಕಾರ್ರೇ, ನಿಮ್ಮ ಲೋಡು ಎಷ್ಟೊತ್ತಿಗೆ ಬರುತ್ತೆ?" ಅಂತ ಶುರುಮಾಡಿ. "ಒತ್ತುವರಿ" ಅನ್ನುವ ಪದ ಮೊದಲ ದಿನ ಬಾಯಿಗೆ ಬರಬಾರದು. ಬೆಳಗ್ಗೆ ಹತ್ತರೊಳಗೆ, ಮಧ್ಯಾಹ್ನ ಎರಡರಿಂದ ನಾಲ್ಕು ಮೂಟೆ ಇಳಿಸುವ ಹೊತ್ತು ಅಂತ ಅವರೇ ಒಪ್ಪಿಕೊಂಡರೆ ಅರ್ಧ ಜಾಮ್ ಕಮ್ಮಿ. ಹಮಾಲರನ್ನೂ ಕೇಳಿ. ಲಾರಿ ಎಲ್ಲಿ ನಿಂತರೆ ಬೆನ್ನಿಗೆ ಹಿತ ಅಂತ ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

ತಳ್ಳುಗಾಡಿಯವರನ್ನು ಓಡಿಸಿ ಬೀದಿ ಚಂದ ಮಾಡುವ ಯೋಚನೆ ಬಿಡಿ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಸಮೀಕ್ಷೆ ಮುಗಿಯದೆ ಅವರನ್ನು ಎಬ್ಬಿಸುವಂತಿಲ್ಲ. ಊರಿನ ಜನಸಂಖ್ಯೆಯ ಶೇ. 2.5ರಷ್ಟು ವ್ಯಾಪಾರಿಗಳಿಗೆ ಅವಕಾಶ ಇದೆ. 2011ರ ಜನಗಣತಿಯಲ್ಲೇ ದಾವಣಗೆರೆ 4.3 ಲಕ್ಷ ದಾಟಿತ್ತು, ಅಂದರೆ ಲೆಕ್ಕ ಹತ್ತು ಸಾವಿರದ ಮೇಲೆ ಹೋಗುತ್ತದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ರಷ್ಟು ಸ್ಥಾನ ವ್ಯಾಪಾರಿಗಳದೇ. ಕಾನೂನು ಬಿಡಿ, ಸಂಜೆ ಹೂವಿನ ಗಾಡಿಯ ಬಲ್ಬು ಉರಿಯುತ್ತಿರುವ ಬೀದಿಯಲ್ಲೇ ಹೆಣ್ಣುಮಕ್ಕಳು ಧೈರ್ಯವಾಗಿ ನಡೆಯುವುದು.

ನೆಲದ ಕೆಳಗಿನದು ಮೊದಲು

ಕುಡಿಯುವ ನೀರು, ಒಳಚರಂಡಿ, ಬೆಸ್ಕಾಂ ಕೇಬಲ್, ಇಂಟರ್ನೆಟ್ ಕೇಬಲ್. ಇವರೆಲ್ಲರನ್ನೂ ಒಂದೇ ದಿನ ಬೀದಿಗೆ ಕರೆಸಿ ನಕ್ಷೆ ತೋರಿಸಿ. ಪೈಪಿನ ಕೆಲಸ ಮುಗಿಯದೆ ಟೈಲ್ಸ್ ಹಾಕಲು ಬಿಡಬೇಡಿ. ಮುಂದೆ ಬರುವ ಕೇಬಲ್ಲಿಗೆ ಅಂತ ರಸ್ತೆಗೆ ಅಡ್ಡಲಾಗಿ ಅಲ್ಲಲ್ಲಿ ಖಾಲಿ ಪೈಪು ಹೂತಿಡಿಸಿ. ರಸ್ತೆ ನಡುವಿನಿಂದ ಅಂಚಿಗೆ ಮೀಟರಿಗೆ 2 ಸೆಂಟಿಮೀಟರಿನಷ್ಟು ಇಳಿಜಾರು ಇದೆಯೇ ಅಂತ ಕಾಂಕ್ರೀಟ್ ಬೀಳುವ ದಿನವೇ ನೋಡಿ. ಒಂದು ಬಕೆಟ್ ನೀರು ಸುರಿದರೆ ಗೊತ್ತಾಗುತ್ತದೆ.

ಕೆಲಸ ಶುರುವಾದ ಮೇಲೆ ಬೀದಿಯನ್ನು ಪೂರ್ತಿ ಅಗೆಯಲು ಬಿಡಬೇಡಿ. ಒಂದು ಬದಿ ಮುಗಿಸಿ ಇನ್ನೊಂದು ಬದಿ, ಒಂದು ಸಲಕ್ಕೆ ನೂರು ಮೀಟರ್. ದಸರಾ, ದೀಪಾವಳಿ ವ್ಯಾಪಾರದ ತಿಂಗಳು ಅಂಗಡಿ ಮುಂದೆ ಗುಂಡಿ ಇದ್ದರೆ, ನಿಮ್ಮ ನಕ್ಷೆಗೆ ಒಪ್ಪಿದವರೂ ಶತ್ರುಗಳಾಗುತ್ತಾರೆ. ಪ್ರತಿ ಅಂಗಡಿಗೂ ಹಲಗೆ ಹಾಕಿಕೊಡುವ ಷರತ್ತು ಟೆಂಡರಿನಲ್ಲೇ ಇರಲಿ.

ಮುಗಿದು ಮೂರು ತಿಂಗಳಾದ ಮೇಲೆ ಅದೇ ದಿನ, ಅದೇ ಹೊತ್ತು, ಅದೇ ಹಾಳೆ ಹಿಡಿದು ಮತ್ತೆ ಎಣಿಸಿ. ಇನ್ನೊಂದು ಸಣ್ಣ ಕೆಲಸ: ಬಿಲ್ಲು ಪಾಸಾಗುವ ಮೊದಲು ಕಾಂಟ್ರಾಕ್ಟರ್ ಹತ್ತಿರ ಅದೇ ಬಣ್ಣದ ನೂರು ಟೈಲ್ಸ್ ಹೆಚ್ಚಿಗೆ ಇಸಿದುಕೊಂಡು ವಾರ್ಡ್ ಕಚೇರಿಯಲ್ಲಿ ಇಡಿಸಿ. ಯಾರಾದರೂ ನಲ್ಲಿ ಕನೆಕ್ಷನ್ನಿಗೆ ಅಂತ ಅಗೆದೇ ಅಗೆಯುತ್ತಾರೆ.